ರಸಾಯನಶಾಸ್ತ್ರದ ಬಾಗಿಲು ತೆರೆಸಿದ ಕಮಲಾ ಸೊಹೋನಿ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಮಕ್ಕಳಿಗೆ ಮಾದರಿಯಾಗುವಂಥ ಹಿರಿಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಈ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದ ನನಗೆ ಹೆಸರು ಹುಡುಕಲು ದೂರ ಹೋಗಬೇಕಾಗಲಿಲ್ಲ. ಹತ್ತನೇ ತರಗತಿಯ ಮಕ್ಕಳು ಪರೀಕ್ಷೆಗೆ ಮುಂಚಿನ ತಿಂಗಳುಗಳಲ್ಲಿ ಸಂಜೆ ಹೊತ್ತು ಶಾಲೆಯಲ್ಲೇ ಕೂಡಿ ಓದುತ್ತಿದ್ದಾಗ, ರಸಾಯನಶಾಸ್ತ್ರದ ಪಾಠದ ನಡುವೆ ನಾನು ಅವರಿಗೆ ಹೇಳುತ್ತಾ ಬಂದದ್ದು ಡಾ. ಕಮಲಾ ಸೊಹೋನಿಯವರ ಕಥೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಗೆ ಇದು ಕೇಳಿದ ಕಥೆಯೇ ಆಗಿರಬಹುದು. ಆದರೂ ಇಲ್ಲಿ ಪೂರ್ತಿಯಾಗಿ ಬರೆದಿಡುತ್ತೇನೆ. ಈಗ ಶಾಲೆಯಲ್ಲಿ ಓದುತ್ತಿರುವವರಿಗೂ ಅವರ ಮನೆಯವರಿಗೂ ಇದು ತಲುಪಲಿ ಎಂಬುದು ನನ್ನ ಆಸೆ.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತವರಿನ ಹೆಸರು ಭಾಗವತ್. ತಂದೆ ನಾರಾಯಣರಾವ್, ತಂದೆಯ ಸಹೋದರ ಮಾಧವರಾವ್, ಇಬ್ಬರೂ ರಸಾಯನಶಾಸ್ತ್ರ ಓದಿದವರು. ಅವರು ಓದಿದ್ದು ನಮ್ಮ ಬೆಂಗಳೂರಿನಲ್ಲೇ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆ ಎಂಬ ದೊಡ್ಡ ಹೆಸರಿದ್ದರೂ ಊರಿನ ಹಳಬರ ಬಾಯಲ್ಲಿ, ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೇ. ಜೆಮ್‌ಷೆಟ್‌ಜಿ ಟಾಟಾ ಅವರ ಕನಸಿನ ಆ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತ್ತು. 1911ರಲ್ಲಿ ತರಗತಿಗಳು ಶುರುವಾದಾಗ ಮೊದಲು ತೆರೆದ ವಿಭಾಗಗಳಲ್ಲಿ ರಸಾಯನಶಾಸ್ತ್ರವೂ ಇತ್ತು. ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್. ಆವರ್ತ ಕೋಷ್ಟಕದ ಬಲತುದಿಯ ಕಂಬಸಾಲನ್ನು ಬಾಯಿಪಾಠ ಮಾಡುವ ಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಆ ಸಾಲಿನ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಮೂರು ಅನಿಲಗಳನ್ನು 1898ರಲ್ಲಿ ವಿಲಿಯಂ ರ‍್ಯಾಮ್ಸೆ ಅವರ ಜೊತೆಗೂಡಿ ಕಂಡುಹಿಡಿದವರು ಅವರೇ. ಪುಸ್ತಕದಲ್ಲಿರುವ ರಸಾಯನಶಾಸ್ತ್ರ ನಮ್ಮೂರಿನ ನೆಲದ ಮೇಲೂ ಓಡಾಡಿದೆ ಎಂದು ಹೇಳಿದರೆ ಮಕ್ಕಳ ಮುಖ ಅರಳುತ್ತಿತ್ತು.

ಇಂಥ ಮನೆಯಲ್ಲಿ ಬೆಳೆದ ಹುಡುಗಿಗೆ ತಂದೆ ಓದಿದಲ್ಲೇ ತಾನೂ ಓದಬೇಕು ಎನಿಸಿದ್ದು ಸಹಜ. ಕಮಲಾ ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು 1933ರಲ್ಲಿ ಬಿ.ಎಸ್ಸಿ. ಮುಗಿಸಿದರು. ಇಡೀ ವಿಶ್ವವಿದ್ಯಾಲಯಕ್ಕೇ ಮೊದಲ ಸ್ಥಾನ. ಬೆಂಗಳೂರಿಗೆ ಅರ್ಜಿ ಹಾಕಿದರು. ಅಂಕಪಟ್ಟಿ ನೋಡಿದರೆ ಯಾರೂ ಬೇಡ ಎನ್ನುವಂತಿರಲಿಲ್ಲ. ಆದರೆ ಅರ್ಜಿ ತಿರಸ್ಕೃತವಾಯಿತು. ಕಾರಣ ಒಂದೇ, ಅರ್ಜಿ ಹಾಕಿದವರು ಹೆಣ್ಣು.

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಮೂರು ವರ್ಷದ ಹಿಂದಷ್ಟೇ, 1930ರಲ್ಲಿ, ನೊಬೆಲ್ ಪ್ರಶಸ್ತಿ ಪಡೆದವರು. ಆ ಸಂಸ್ಥೆಗೆ ನಿರ್ದೇಶಕರಾದ ಮೊದಲ ಭಾರತೀಯರು. ಇಡೀ ದೇಶ ತಲೆಬಾಗುತ್ತಿದ್ದ ಮನುಷ್ಯ. ಅಂಥವರು ಇಲ್ಲ ಎಂದರೆ ಆ ಕಾಲದ ಹುಡುಗಿಯೊಬ್ಬಳು ಏನು ಮಾಡಬಹುದಿತ್ತು? ಮನೆಗೆ ಮರಳಿ ಬೇರೇನಾದರೂ ಓದಬಹುದಿತ್ತು. ಕಮಲಾ ಹಾಗೆ ಮಾಡಲಿಲ್ಲ. ಬೆಂಗಳೂರಿಗೆ ಬಂದು ನೇರವಾಗಿ ರಾಮನ್ ಅವರನ್ನೇ ಕಂಡರು. ತನ್ನನ್ನು ಸೇರಿಸಿಕೊಳ್ಳದಿರಲು ಸರಿಯಾದ ಕಾರಣವೇನು ಎಂದು ಕೇಳಿದರು. ಗಾಂಧೀಜಿಯವರ ಸತ್ಯಾಗ್ರಹದ ಗಾಳಿ ಬೀಸುತ್ತಿದ್ದ ಕಾಲ ಅದು. ಕಮಲಾ ಹಿಡಿದದ್ದೂ ಅದೇ ದಾರಿ. ಕೂಗಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ, ಪ್ರಶ್ನೆಯನ್ನು ಕೈಬಿಡಲೂ ಇಲ್ಲ.

ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳ ಮೇಲೆ. ಮೊದಲ ಒಂದು ವರ್ಷ ಆಕೆಯನ್ನು ಪೂರ್ಣ ವಿದ್ಯಾರ್ಥಿನಿ ಎಂದು ಪರಿಗಣಿಸುವುದಿಲ್ಲ, ಅದು ಪರೀಕ್ಷೆಯ ಅವಧಿ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಆಕೆ ಅಲ್ಲಿರುವುದರಿಂದ ಗಂಡು ವಿದ್ಯಾರ್ಥಿಗಳ ಮನಸ್ಸು ಚಂಚಲವಾಗಬಾರದು. ಕಮಲಾ ಒಪ್ಪಿಕೊಂಡರು. ಓದಬೇಕಿತ್ತು, ಒಪ್ಪಿದರು. ಆದರೆ ಅದು ತಮಗೆ ಆದ ಅವಮಾನ ಎಂಬುದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ರಾಮನ್ ದೊಡ್ಡ ವಿಜ್ಞಾನಿ ಎಂಬುದನ್ನು ಒಪ್ಪುತ್ತಲೇ, ಹೆಣ್ಣುಮಕ್ಕಳ ವಿಷಯದಲ್ಲಿ ಅವರದು ಸಣ್ಣ ಮನಸ್ಸಾಗಿತ್ತು ಎಂದು ಮುಪ್ಪಿನಲ್ಲೂ ಬಹಿರಂಗವಾಗಿ ಹೇಳಿದರು.

ಈ ಷರತ್ತುಗಳ ಭಾಗ ಬಂದಾಗ ನಮ್ಮ ಸಂಜೆ ಓದಿನ ಕೋಣೆಯಲ್ಲಿ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಯಾಕೆಂದರೆ ಈ ಮಾತು ಅವರಿಗೆ ಹೊಸದಾಗಿರಲಿಲ್ಲ. ನಮ್ಮ ಹಲಸೂರಿನ ಮನೆಗಳು ಹೇಗಿರುತ್ತವೆ ಎಂದು ಓದುಗರಿಗೆ ಗೊತ್ತು. ಸೋಮೇಶ್ವರ ದೇವಸ್ಥಾನದ ಸುತ್ತಮುತ್ತಲ ಬೀದಿಗಳಲ್ಲಿ, ಜೋಗುಪಾಳ್ಯದಲ್ಲಿ, ಮರ್ಫಿ ಟೌನಿನಲ್ಲಿ ಒಂದೇ ಕೋಣೆಯಲ್ಲಿ ಅಡುಗೆ, ಟಿವಿ, ಅಜ್ಜಿಯ ಹಾಸಿಗೆ, ತಮ್ಮನ ಅಳು ಎಲ್ಲವೂ. ಅಲ್ಲಿ ಕೂತು ಸಮೀಕರಣ ಸರಿದೂಗಿಸುವುದು ಸುಲಭವಲ್ಲ. ಅದಕ್ಕಾಗಿಯೇ ಶಾಲೆಯಲ್ಲಿ ಸಂಜೆ ಗುಂಪು ಓದು ಆರಂಭವಾದದ್ದು. ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ ಶುರುವಾಗಿ ಮಾರ್ಚ್‌ವರೆಗೆ ನಡೆಯುತ್ತಿತ್ತು. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡ ಹಳೆಯ ವಿದ್ಯಾರ್ಥಿಗಳೂ ತಮ್ಮ ರಸಾಯನಶಾಸ್ತ್ರದ ಪುಸ್ತಕ ಹಿಡಿದು ಬರುತ್ತಿದ್ದರು. ಅವರು ತಮ್ಮ ಪಾಠ ಓದಿಕೊಳ್ಳುತ್ತಲೇ ಕಿರಿಯರಿಗೆ ಹೇಳಿಕೊಡುತ್ತಿದ್ದರು. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಮಕ್ಕಳು ಉತ್ಕರ್ಷಣ, ಅಪಕರ್ಷಣ ಎಂಬ ಪದಗಳನ್ನು ಮೊದಲು ತಮ್ಮ ತಮ್ಮ ಭಾಷೆಯಲ್ಲಿ ಬಿಡಿಸಿಕೊಂಡು, ಆಮೇಲೆ ಕನ್ನಡದಲ್ಲಿ ಬರೆಯುತ್ತಿದ್ದರು.

ಒಂದು ವರ್ಷ ಒಂದಿಬ್ಬರು ಹಿರಿಯರಿಂದ ಆಕ್ಷೇಪ ಬಂತು. ಹುಡುಗರೂ ಹುಡುಗಿಯರೂ ಕತ್ತಲಾದ ಮೇಲೆ ಒಂದೇ ಕೋಣೆಯಲ್ಲಿ ಕೂತರೆ ಓದು ಹಾಳಾಗುತ್ತದೆ, ಹುಡುಗಿಯರು ಐದು ಗಂಟೆಗೆ ಮನೆ ಸೇರಲಿ, ಹುಡುಗರು ಬೇಕಾದರೆ ಇರಲಿ ಎಂಬುದು ಅವರ ವಾದ. 1933ರ ಷರತ್ತು ಎಷ್ಟೋ ದಶಕಗಳ ನಂತರ ನಮ್ಮ ಶಾಲೆಯ ಗೇಟಿನೊಳಗೆ ಬಂದು ನಿಂತಿತ್ತು. ಅದನ್ನು ಬಿಡಿಸಿದವರು ತಾಯಂದಿರು. ದಿನಕ್ಕಿಬ್ಬರಂತೆ ಸರದಿ ಹಾಕಿಕೊಂಡು ಶಾಲೆಗೆ ಬಂದು ಕೂರುವುದು, ಓದು ಮುಗಿದ ಮೇಲೆ ಆಯಾ ಬೀದಿಯ ಹುಡುಗಿಯರನ್ನೆಲ್ಲ ಒಟ್ಟಿಗೆ ಮನೆಗೆ ಮುಟ್ಟಿಸುವುದು ಎಂದು ತಾವೇ ಮಾತಾಡಿಕೊಂಡರು. ಬೆಳಗ್ಗೆಯಿಂದ ಮನೆಗೆಲಸ ಮಾಡಿ ಬಂದವರು, ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಬಂದವರು ಬೆಂಚಿನ ಮೇಲೆ ಕೂತು ಹೂ ಕಟ್ಟುತ್ತಾ ಮಕ್ಕಳ ಪಾಠ ಕೇಳುತ್ತಿದ್ದರು. ಆ ಗುಂಪಿನಲ್ಲಿ ಪಿ.ಯು.ಸಿ.ಗೆ ವಿಜ್ಞಾನ ಓದಬಲ್ಲ ಹುಡುಗಿಯರು ಮೂವರಿದ್ದರು. ಒಬ್ಬಳು ವಿಜ್ಞಾನ ತೆಗೆದುಕೊಂಡಳು. ಇಬ್ಬರಿಗೆ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಕಮಲಾ ಅವರ ಕಥೆ ಹೇಳುವಾಗ ನನಗೆ ಆ ಒಬ್ಬಳ ಜೊತೆಗೆ ಈ ಇಬ್ಬರೂ ನೆನಪಾಗುತ್ತಾರೆ.

ಮತ್ತೆ ಕಮಲಾ ಅವರ ವಿಷಯಕ್ಕೆ ಬರೋಣ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯನವರು. ಬಹಳ ಕಟ್ಟುನಿಟ್ಟಿನ ಮೇಷ್ಟ್ರು. ಆದರೆ ಕಲಿಯುವ ಆಸೆ ಇದ್ದವರಿಗೆ ಯಾವ ಬೇಧವೂ ಇಲ್ಲದೆ ಕಲಿಸುವವರು. ಅವರ ಕೈಕೆಳಗೆ ಕಮಲಾ ಹಾಲಿನಲ್ಲಿ, ಬೇಳೆಕಾಳುಗಳಲ್ಲಿ ಇರುವ ಪ್ರೋಟೀನುಗಳ ಬಗ್ಗೆ ಕೆಲಸ ಮಾಡಿದರು. ಮಾಂಸ, ಮೊಟ್ಟೆ ಕೊಳ್ಳಲಾಗದ ಬಡವರ ದೇಶದಲ್ಲಿ ಬೇಳೆಯೇ ಮೈಗೆ ಶಕ್ತಿ ಕೊಡಬೇಕಾದದ್ದು. ಆ ಬೇಳೆಯಲ್ಲಿ ನಿಜವಾಗಿ ಏನಿದೆ, ಎಷ್ಟಿದೆ ಎಂದು ತಿಳಿಯುವುದು ಪುಸ್ತಕದ ಪ್ರಶ್ನೆಯಷ್ಟೇ ಆಗಿರಲಿಲ್ಲ, ಊಟದ ತಟ್ಟೆಯ ಪ್ರಶ್ನೆಯಾಗಿತ್ತು.

ಪರೀಕ್ಷೆಯ ಒಂದು ವರ್ಷ ಮುಗಿದಾಗ ಅವರ ಕೆಲಸ ನೋಡಿ ರಾಮನ್ ಅವರಿಗೆ ತೃಪ್ತಿಯಾಯಿತು. ಕಮಲಾ ಪೂರ್ಣ ವಿದ್ಯಾರ್ಥಿನಿಯಾದರು. ಅಷ್ಟೇ ಅಲ್ಲ, ಅಲ್ಲಿಂದ ಮುಂದೆ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಗತೊಡಗಿತು. 1936ರಲ್ಲಿ ಕಮಲಾ ಎಂ.ಎಸ್ಸಿ. ಪದವಿ ಪಡೆದರು. ಒಬ್ಬಳು ತೆರೆಸಿದ ಬಾಗಿಲಿನಿಂದ ಹಿಂದೆ ಬಂದವರು ಒಳಗೆ ಹೋದರು. ಆದರೆ ಬಾಗಿಲು ಪೂರ್ತಿ ತೆರೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. 1940ರಲ್ಲಿ ರಾಮನ್ ಅವರ ಪ್ರಯೋಗಾಲಯಕ್ಕೇ ಸೇರಿದ ಅಣ್ಣಾ ಮಾಣಿ ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳ ಮೇಲೆ ವರ್ಷಗಟ್ಟಲೆ ದುಡಿದು ಪ್ರಬಂಧ ಬರೆದರು. ಎಂ.ಎಸ್ಸಿ. ಮಾಡಿಲ್ಲ ಎಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಸಿಗಲೇ ಇಲ್ಲ. ಮುಂದೆ ಅವರು ಹವಾಮಾನ ಇಲಾಖೆಯಲ್ಲಿ ದೊಡ್ಡ ಕೆಲಸ ಮಾಡಿದರು ಎಂಬುದು ಬೇರೆ ಮಾತು.

ಇನ್ನು ಕೇಂಬ್ರಿಡ್ಜ್. ನಮ್ಮ ಮಕ್ಕಳಿಗೆ ಕೇಂಬ್ರಿಡ್ಜ್ ಎಂದರೆ ಮೊದಲು ನೆನಪಾಗುವುದು ಹಲಸೂರಿನ ಕೇಂಬ್ರಿಡ್ಜ್ ರಸ್ತೆ, ಕೇಂಬ್ರಿಡ್ಜ್ ಲೇಔಟು. ಕಮಲಾ ಕೇಂಬ್ರಿಡ್ಜಿಗೆ ಹೋದರು ಎಂದಾಗ, ಮಿಸ್, ಅವರ ಮನೆ ಜೋಗುಪಾಳ್ಯದ ಹತ್ತಿರವಾ ಎಂದು ಕೇಳಿದ ಹುಡುಗರೂ ಇದ್ದಾರೆ. ಆಗ ಭೂಪಟ ತೆಗೆದು ಇಂಗ್ಲೆಂಡ್ ತೋರಿಸುತ್ತಿದ್ದೆ. ಕಮಲಾ ವಿದ್ಯಾರ್ಥಿವೇತನ ಪಡೆದು 1937ರಲ್ಲಿ ಅಲ್ಲಿಗೆ ಹೋದರು. ಹೋಗುವಷ್ಟರಲ್ಲಿ ಆ ವರ್ಷದ ಪ್ರವೇಶ ಮುಗಿದಿತ್ತು. ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲಂಡ್ ಹಾಪ್‌ಕಿನ್ಸ್. ಆಹಾರದಲ್ಲಿ ವಿಟಮಿನ್ನುಗಳ ಅಗತ್ಯವನ್ನು ತೋರಿಸಿಕೊಟ್ಟದ್ದಕ್ಕೆ 1929ರಲ್ಲಿ ನೊಬೆಲ್ ಪಡೆದವರು. ಪ್ರಯೋಗಾಲಯದಲ್ಲಿ ಖಾಲಿ ಜಾಗವಿಲ್ಲ, ಯಾರಾದರೂ ತಮ್ಮ ಜಾಗ ಹಂಚಿಕೊಳ್ಳಲು ಒಪ್ಪಿದರೆ ಸೇರಿಸಿಕೊಳ್ಳಬಹುದು ಎಂಬುದು ಅಲ್ಲಿನ ಸ್ಥಿತಿ.

ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ಮುಂದೆ ಬಂದರು. ಹಗಲು ತಮ್ಮ ಮೇಜಿನಲ್ಲಿ ಕಮಲಾ ಕೆಲಸ ಮಾಡಲಿ, ತಾವು ರಾತ್ರಿ ಮಾಡಿಕೊಳ್ಳುತ್ತೇವೆ ಎಂದರು. ಒಂದೇ ಮೇಜು, ಇಬ್ಬರ ಸರದಿ. ಬೆಂಗಳೂರಿನಲ್ಲಿ ರಾತ್ರಿ ದುಡಿಯಬೇಕೆಂಬ ಷರತ್ತು ಹೊತ್ತಿದ್ದ ಹುಡುಗಿಗೆ ಇಲ್ಲಿ ಒಬ್ಬ ಸಹೋದ್ಯೋಗಿ ರಾತ್ರಿಯನ್ನು ತಾನು ಇಟ್ಟುಕೊಂಡು ಹಗಲನ್ನು ಬಿಟ್ಟುಕೊಟ್ಟ. ಆ ಮೇಜಿನಿಂದ ಇಬ್ಬರ ಹೆಸರಿನಲ್ಲೂ ಸಂಶೋಧನಾ ಲೇಖನಗಳು ಬಂದವು. ನಾನು ಮಕ್ಕಳಿಗೆ ಒತ್ತಿ ಹೇಳುತ್ತಿದ್ದದ್ದು ಇದನ್ನೇ. ಜಾಗ ಹಂಚಿಕೊಂಡರೆ ಜಾಗ ಕಡಿಮೆಯಾಗುವುದಿಲ್ಲ. ನಿನಗೆ ಗೊತ್ತಿರುವ ಲೆಕ್ಕವನ್ನು ಪಕ್ಕದವನಿಗೆ ಹೇಳಿಕೊಟ್ಟರೆ ನಿನ್ನ ಅಂಕ ಇಳಿಯುವುದಿಲ್ಲ. ಹೇಳಿಕೊಡುವಾಗಲೇ ನಿನಗೆ ಎಲ್ಲಿ ಗೊತ್ತಿಲ್ಲ ಎಂದು ಗೊತ್ತಾಗುತ್ತದೆ.

ರಿಕ್ಟರ್ ಬೇರೆಡೆಗೆ ಹೋದ ಮೇಲೆ ಕಮಲಾ ರಾಬಿನ್ ಹಿಲ್ ಅವರ ಜೊತೆ ಕೆಲಸ ಮಾಡಿದರು. ಹಿಲ್ ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದವರು. ಇಲ್ಲಿ ನಡೆದದ್ದನ್ನು ಹತ್ತನೇ ತರಗತಿಯ ಪಾಠದಿಂದಲೇ ವಿವರಿಸಬಹುದು. ಮಕ್ಕಳು ಮೊದಲ ಅಧ್ಯಾಯದಲ್ಲೇ ಉತ್ಕರ್ಷಣ, ಅಪಕರ್ಷಣಗಳನ್ನು ಓದುತ್ತಾರೆ. ಎಲೆಕ್ಟ್ರಾನ್ ಕೊಟ್ಟದ್ದು ಉತ್ಕರ್ಷಣ, ಪಡೆದದ್ದು ಅಪಕರ್ಷಣ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಉದಾಹರಣೆ. ನಮ್ಮ ಮೈಯ ಜೀವಕೋಶಗಳು ಉಸಿರಾಡುವುದೂ ಇದೇ ಕೊಡು ಕೊಳ್ಳುವಿಕೆಯಿಂದ. ಸೈಟೋಕ್ರೋಮ್ ಸಿ ಎಂಬ ಪ್ರೋಟೀನಿನ ನಡುವೆ ಒಂದು ಕಬ್ಬಿಣದ ಪರಮಾಣು ಇರುತ್ತದೆ. ಅದು ಒಂದು ಕಡೆಯಿಂದ ಎಲೆಕ್ಟ್ರಾನ್ ತೆಗೆದುಕೊಂಡು ಇನ್ನೊಂದು ಕಡೆಗೆ ಕೊಡುತ್ತದೆ, ಬಕೆಟ್ಟು ಕೈ ಬದಲಾಯಿಸಿದ ಹಾಗೆ. ಕೊನೆಗೆ ಆ ಎಲೆಕ್ಟ್ರಾನುಗಳು ಆಮ್ಲಜನಕವನ್ನು ಸೇರುತ್ತವೆ. ಈ ಸಾಗಾಟದಿಂದಲೇ ಜೀವಕೋಶಕ್ಕೆ ಶಕ್ತಿ.

ಕಮಲಾ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಾ ಸಸ್ಯದ ಜೀವಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿದರು. ಅಂದರೆ ಗಿಡದ ಉಸಿರಿಗೂ ನಮ್ಮ ಉಸಿರಿಗೂ ಒಳಗಿನ ಏರ್ಪಾಡು ಒಂದೇ ಬಗೆಯದು. ಈ ಕೆಲಸದ ಮೇಲೆ ಬರೆದ ಪ್ರಬಂಧಕ್ಕೆ 1939ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಟ್ಟಿತು. ಪ್ರಬಂಧ ಕೇವಲ 40 ಪುಟಗಳದು. ಹಾಳೆ ತುಂಬಿದಷ್ಟೂ ಅಂಕ ಜಾಸ್ತಿ ಎಂದು ನಂಬಿ ಹೆಚ್ಚುವರಿ ಹಾಳೆ ಕೇಳುವ ನಮ್ಮ ಮಕ್ಕಳಿಗೆ ಈ ಸಂಖ್ಯೆಯನ್ನು ತಪ್ಪದೆ ಹೇಳುತ್ತಿದ್ದೆ. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಕಮಲಾ ಅವರನ್ನು ಹೆಸರಿಸುವುದು ವಾಡಿಕೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರು 1931ರಲ್ಲೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಿದ್ದರು ಎಂಬುದನ್ನೂ ಮಕ್ಕಳು ತಿಳಿದಿರಬೇಕು. ಮೊದಲಿಗರು ಯಾರೆಂಬ ಲೆಕ್ಕಕ್ಕಿಂತ, ಹೆಣ್ಣುಮಕ್ಕಳು ಎಂಥ ಕಾಲದಲ್ಲಿ ಎಷ್ಟು ಮುಂದೆ ಹೋಗಿದ್ದರು ಎಂಬುದು ದೊಡ್ಡದು.

ಅದೇ 1939ರಲ್ಲಿ ಕಮಲಾ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದರು. ಅಲ್ಲಿಂದ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕಾಂಶ ಸಂಶೋಧನಾ ಪ್ರಯೋಗಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಹೋದರು. 1947ರಲ್ಲಿ ಎಂ.ವಿ. ಸೊಹೋನಿಯವರನ್ನು ಮದುವೆಯಾಗಿ ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾಗಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಮತ್ತೆ ಹಿಡಿದದ್ದು ಬೆಂಗಳೂರಿನಲ್ಲಿ ಶುರುಮಾಡಿದ ಬೇಳೆಕಾಳಿನ ಕೆಲಸವನ್ನೇ.

ಈ ಕೆಲಸದಲ್ಲಿ ನಮ್ಮೂರಿಗೆ ಬಹಳ ಹತ್ತಿರವಾದ ಒಂದು ವಿಷಯವಿದೆ. ನಮ್ಮ ಗುಂಪು ಓದು ಶುರುವಾಗುವ ದಿನಗಳೂ ಅವರೆಕಾಯಿ ಕಾಲವೂ ಒಂದೇ. ಆ ಹೊತ್ತಿಗೆ ಹಲಸೂರು ಮಾರ್ಕೆಟ್ಟಿನ ತುಂಬ ಸೊಗಡಿನ ವಾಸನೆ. ಮನೆಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು. ಹಸಿ ಅವರೆಕಾಳನ್ನು ಬೇಯಿಸದೆ ತಿನ್ನಬೇಡ, ಹೊಟ್ಟೆ ಕೆಡುತ್ತದೆ ಎಂದು ನಮ್ಮ ಅಜ್ಜಿಯರು ಗದರಿಸುವುದು ಎಲ್ಲರಿಗೂ ಗೊತ್ತು. ಯಾಕೆ? ನಾವು ತಿಂದ ಪ್ರೋಟೀನನ್ನು ಕರುಳಿನಲ್ಲಿ ಕತ್ತರಿಸುವುದು ಟ್ರಿಪ್ಸಿನ್ ಎಂಬ ಕಿಣ್ವ. ಹಸಿ ಕಾಳುಗಳಲ್ಲಿ ಈ ಟ್ರಿಪ್ಸಿನ್ನಿಗೆ ಅಡ್ಡಗಾಲು ಹಾಕುವ ಇನ್ನೊಂದು ಪ್ರೋಟೀನ್ ಇರುತ್ತದೆ. ಅದು ಕಿಣ್ವಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಚೆನ್ನಾಗಿ ಬೇಯಿಸಿದಾಗ ಶಾಖಕ್ಕೆ ಅದರ ರಚನೆ ಕೆಟ್ಟು ಅಡ್ಡಿ ಬಹುಮಟ್ಟಿಗೆ ತಪ್ಪುತ್ತದೆ. ಕಮಲಾ ಸೊಹೋನಿ ಸಹ ಸಂಶೋಧಕರೊಬ್ಬರ ಜೊತೆಗೂಡಿ ಅವರೆ ಮತ್ತು ಡಬಲ್ ಬೀನ್ಸ್ ಕಾಳುಗಳಿಂದ ಈ ಪ್ರತಿಬಂಧಕವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಆ ವರದಿ 1955ರಲ್ಲಿ ನೇಚರ್ ಎಂಬ ಜಗತ್ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಇದನ್ನು ಕೇಳಿದ ಸಂಜೆ, ಸರದಿಗೆ ಬಂದು ಕೂತಿದ್ದ ತಾಯಿಯೊಬ್ಬರು ನಮ್ಮ ಅವರೆಕಾಳಿಗೂ ಇಷ್ಟು ದೊಡ್ಡ ಹೆಸರಾ ಎಂದು ನಕ್ಕರು. ರಸಾಯನಶಾಸ್ತ್ರ ತಮ್ಮ ಅಡುಗೆಮನೆಯದೂ ಹೌದು ಎಂಬ ಧೈರ್ಯ ಮಕ್ಕಳಿಗೆ ನನ್ನ ಎಷ್ಟೋ ಪಾಠಗಳಿಗಿಂತ ಆ ನಗುವಿನಿಂದ ಬಂತು.

ನೀರಾದ ಮೇಲೂ ಕಮಲಾ ಕೆಲಸ ಮಾಡಿದರು. ನೀರಾ ಎಂದರೆ ಈಚಲು, ತಾಳೆ ಜಾತಿಯ ಮರಗಳಿಂದ ಇಳಿಸುವ, ಹುಳಿಯದ ಸಿಹಿ ರಸ. ಅಂದಿನ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಲಹೆಯಂತೆ ಅದರ ಪೌಷ್ಟಿಕ ಗುಣಗಳನ್ನು ಪರೀಕ್ಷಿಸಿದರು. ಅದರಲ್ಲೂ, ಅದರಿಂದ ಮಾಡಿದ ಬೆಲ್ಲದಲ್ಲೂ ವಿಟಮಿನ್ನುಗಳು, ಕಬ್ಬಿಣದ ಅಂಶ ಇವೆ, ಬುಡಕಟ್ಟು ಜನರ ಮಕ್ಕಳಿಗೆ, ಗರ್ಭಿಣಿಯರಿಗೆ ಅಗ್ಗದಲ್ಲಿ ಸಿಗುವ ಪೂರಕ ಆಹಾರವಾಗಬಲ್ಲದು ಎಂದು ತೋರಿಸಿದರು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬಯಿಯ ಆರೆ ಹಾಲಿನ ಯೋಜನೆಗೂ ಹಾಲಿನ ಗುಣಮಟ್ಟ ಕಾಯುವ ವಿಷಯದಲ್ಲಿ ಸಲಹೆ ಕೊಟ್ಟರು.

ಇಷ್ಟೆಲ್ಲ ಇದ್ದರೂ ಸಂಸ್ಥೆಯ ನಿರ್ದೇಶಕರ ಹುದ್ದೆ ಅವರಿಗೆ ಸಲ್ಲಬೇಕಾದ ಕಾಲಕ್ಕೆ ಸಲ್ಲಲಿಲ್ಲ. ಒಳಗಿನ ರಾಜಕೀಯದಿಂದ ವರ್ಷಗಳ ಕಾಲ ತಪ್ಪಿತು. ಕೊನೆಗೆ ಸಿಕ್ಕಿತು. ಅಷ್ಟು ದೊಡ್ಡ ವಿಜ್ಞಾನ ಸಂಸ್ಥೆಗೆ ಮಹಿಳೆಯೊಬ್ಬರು ನಿರ್ದೇಶಕರಾದದ್ದು ಇತಿಹಾಸ ಎಂದು, ಹಿಂದೆ ಮೇಜು ಹಂಚಿಕೊಂಡಿದ್ದ ರಿಕ್ಟರ್ ಅವರೇ ದೂರದಿಂದ ಸಂತೋಷಪಟ್ಟರು. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮರಾಠಿಯ ಹೆಸರಾಂತ ಲೇಖಕಿ. 1975ರಲ್ಲಿ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದವರು. ಅಕ್ಕತಂಗಿಯರಿಬ್ಬರಿಗೂ ದೊಡ್ಡವರ ಮುಂದೆ ಪ್ರಶ್ನೆ ಕೇಳುವ ಗುಣ ಮನೆಯಿಂದಲೇ ಬಂದಿರಬೇಕು.

ಕಮಲಾ ಅವರ ರಸಾಯನಶಾಸ್ತ್ರ ಪ್ರಯೋಗಾಲಯದೊಳಗೇ ಉಳಿಯಲಿಲ್ಲ. 1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಹಿಳೆಯರು ಸೇರಿ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘ ಕಟ್ಟಿದರು. ಕಲಬೆರಕೆ, ತೂಕದ ಮೋಸ, ಕಳಪೆ ಮಾಲು ಇವುಗಳ ವಿರುದ್ಧ ಗೃಹಿಣಿಯರನ್ನು ಎಚ್ಚರಿಸುವುದು ಅದರ ಕೆಲಸ. ಆ ಸಂಘವನ್ನು ಕಟ್ಟಿದವರಲ್ಲಿ ಕಮಲಾ ಒಬ್ಬರು. ಮುಂದೆ ಅಧ್ಯಕ್ಷೆಯೂ ಆದರು, ಸಂಘದ ಪತ್ರಿಕೆಯಲ್ಲಿ ಸಾಮಾನ್ಯರಿಗೆ ತಿಳಿಯುವಂತೆ ಲೇಖನಗಳನ್ನು ಬರೆದರು. ಇದರಿಂದ ಪ್ರೇರಣೆ ಪಡೆದು ನಮ್ಮ ಗುಂಪಿನ ಮಕ್ಕಳೂ ಸಣ್ಣ ಪರೀಕ್ಷೆಗಳನ್ನು ಮಾಡುತ್ತಿದ್ದರು. ಹಾಲಿಗೆ ಹಿಟ್ಟು ಬೆರೆಸಿದ್ದಾರೆಯೇ ಎಂದು ನೋಡಲು ಕುದಿಸಿ ಆರಿಸಿದ ಹಾಲಿಗೆ ಎರಡು ಹನಿ ಅಯೋಡಿನ್ ಹಾಕುವುದು. ಹಿಟ್ಟಿದ್ದರೆ ನೀಲಿ ಬಣ್ಣ ಬರುತ್ತದೆ. ಅರಿಶಿನದ ಕಾಗದ ಮಾಡಿ ಸೋಪಿನ ನೀರಿಗೆ ಅದ್ದಿ ಕೆಂಪಾಗುವುದನ್ನು ನೋಡುವುದು. ಒಬ್ಬರು ಮಾಡಿದರೆ ನಾಲ್ವರು ನೋಡಿ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಸೂಚಕಗಳ ಪ್ರಶ್ನೆ ಬಂದಾಗ ಯಾರಿಗೂ ಬಾಯಿಪಾಠದ ಅಗತ್ಯ ಬೀಳುತ್ತಿರಲಿಲ್ಲ.

ನಿವೃತ್ತಿಯ ನಂತರ ಕಮಲಾ ಅವರನ್ನು ದೇಶ ಬಹುಮಟ್ಟಿಗೆ ಮರೆಯಿತು. 1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೆಹಲಿಯಲ್ಲಿ ಅವರಿಗೆ ಸನ್ಮಾನ ಏರ್ಪಡಿಸಿತು. ಪರಿಷತ್ತಿಗೆ ಮಹಾನಿರ್ದೇಶಕರಾಗಿದ್ದ ಡಾ. ಜಿ.ವಿ. ಸತ್ಯವತಿಯವರು ಈ ಹಿರಿಯ ಜೀವವನ್ನು ಹುಡುಕಿ ಕರೆಸಿದ್ದರು. ಸಭೆ ಎದ್ದುನಿಂತು ಗೌರವ ಸಲ್ಲಿಸಿತು. ಆ ಸಮಾರಂಭದಲ್ಲೇ ಕಮಲಾ ಕುಸಿದರು, ಕೆಲವೇ ಸಮಯದಲ್ಲಿ ತೀರಿಕೊಂಡರು. ತಡವಾಗಿ ಬಂದ ಗೌರವ, ಆದರೂ ಅವರು ಕಣ್ಣಾರೆ ನೋಡಿದರು ಎಂಬ ಸಮಾಧಾನ ಉಳಿಯಿತು.

ಈ ಕಥೆ ಹೇಳುವಾಗ ರಾಮನ್ ಅವರನ್ನು ಖಳನಾಯಕನನ್ನಾಗಿ ಮಾಡಬೇಡಿ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅವರ ವಿಜ್ಞಾನದಿಂದ ನಾವು ಇಂದಿಗೂ ಕಲಿಯುತ್ತೇವೆ, ಅವರ ಹೆಸರಿನ ಪರಿಣಾಮವನ್ನು ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನವಾಗಿ ನೆನೆಯುತ್ತೇವೆ. ಅಷ್ಟು ಬುದ್ಧಿವಂತರಿಗೂ ಎದುರಿಗಿದ್ದ ಹುಡುಗಿಯ ಬುದ್ಧಿ ಒಂದು ವರ್ಷ ಕಾಣಲಿಲ್ಲ. ಹಾಗಾದರೆ ನಮ್ಮಂಥವರು ಎಷ್ಟು ಎಚ್ಚರವಾಗಿರಬೇಕು? ತಂದೆ ತಾಯಿ, ಶಿಕ್ಷಕರು, ಊರಿನ ಹಿರಿಯರು ಎಲ್ಲರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದೆ. ಅಂದು ಯಾರು ಬೇಕಾದರೂ ಒಳಗೆ ಹೋಗಿ ಪ್ರಯೋಗಾಲಯಗಳನ್ನು ನೋಡಬಹುದು. ನಮ್ಮ ಮಕ್ಕಳನ್ನು ಶಿವಾಜಿನಗರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಕರೆದೊಯ್ದಿದ್ದೇನೆ. ಕಮಲಾ ಅವರು ಅರ್ಜಿ ಹಾಕಿದ ಕಾಲದಲ್ಲಿ ನಮ್ಮ ಹಲಸೂರು ಬ್ರಿಟಿಷರ ಆಡಳಿತದ ದಂಡು ಪ್ರದೇಶ, ಆ ಸಂಸ್ಥೆ ಇದ್ದದ್ದು ಮಹಾರಾಜರ ಮೈಸೂರು ಸಂಸ್ಥಾನದಲ್ಲಿ. ಈಗ ಆ ಗಡಿ ಇಲ್ಲ. ಬಿಳಿ ಕೋಟು ಹಾಕಿಕೊಂಡ ಹುಡುಗಿಯರು ಗಾಜಿನ ಪಾತ್ರೆಗಳ ನಡುವೆ ನಿಂತು ನಮ್ಮ ಸರ್ಕಾರಿ ಶಾಲೆಯ ಹುಡುಗಿಯರಿಗೆ ಕನ್ನಡದಲ್ಲಿ ವಿವರಿಸುವುದನ್ನು ನೋಡಿದ್ದೇನೆ. ಅಂದು ಒಬ್ಬಳೇ ನಿಂತು ಕೇಳಿದ ಪ್ರಶ್ನೆಗೆ ಇಂದು ಸಿಕ್ಕಿರುವ ಉತ್ತರ ಅದು.

ಆದರೆ ಆ ಸಂಸ್ಥೆಯವರೆಗೆ ತಲುಪುವ ದಾರಿ ಹತ್ತನೇ ತರಗತಿಯ ಸಂಜೆಗಳಿಂದ ಶುರುವಾಗುತ್ತದೆ. ಅಲ್ಲಿ ಒಂದು ಕೋಣೆ, ಒಂದು ದೀಪ, ಒಂದು ಕಪ್ಪು ಹಲಗೆ, ಹೇಳಿಕೊಡುವ ಒಬ್ಬ ಹಿರಿಯ ವಿದ್ಯಾರ್ಥಿ ಮತ್ತು ಕತ್ತಲಾದ ಮೇಲೆ ಮನೆಗೆ ಮುಟ್ಟಿಸುವ ಒಬ್ಬ ತಾಯಿ ಬೇಕು. ಐವತ್ತು ವರ್ಷ ತುಂಬಿದ ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಕಟ್ಟಡಕ್ಕೆ ಬಣ್ಣ ಹೊಡೆಸಿ, ಬಹಳ ಸಂತೋಷ. ಜೊತೆಗೆ ಜನವರಿಯಿಂದ ಮಾರ್ಚ್‌ವರೆಗೆ ವಾರಕ್ಕೊಂದು ಸಂಜೆಯನ್ನು ಈ ಮಕ್ಕಳಿಗೆ ಕೊಡಿ. ರಸಾಯನಶಾಸ್ತ್ರ ಮರೆತಿದ್ದರೂ ಪರವಾಗಿಲ್ಲ, ಬಂದು ಕೂತುಕೊಳ್ಳಿ. ಯಾವ ಹುಡುಗಿಯೂ ಐದು ಗಂಟೆಗೆ ಪುಸ್ತಕ ಮುಚ್ಚಿ ಏಳಬೇಕಾಗಿ ಬರದಿರಲಿ.